ಸಾಕ್ಷ್ಯಚಿತ್ರದಲ್ಲಿ ಸಾಕ್ಷ್ಯವೆಷ್ಟು, ಚಿತ್ರವೆಷ್ಟು?
(ಬನವಾಸಿಯ ಚರಿತ್ರೆಯನ್ನು ತೆರೆಯ ಮೇಲೆ ನೋಡುವ ಬಗೆ)

ಡಾಕ್ಯುಮೆಂಟರಿ ಎಂಬ ಚಲನಚಿತ್ರ ಪ್ರಕಾರಕ್ಕೆ ಕನ್ನಡಿಗರು ಇಟ್ಟುಕೊಂಡ ಹೆಸರು ‘ಸಾಕ್ಷ್ಯಚಿತ್ರ’. ಮೂಲಪದಕ್ಕಿಂತ ಈ ಪದವೇ ಹೆಚ್ಚು ಅರ್ಥವತ್ತಾಗಿದೆಯೆಂದು ನನಗೆ ತೋರುತ್ತದೆ. ಸಾಕ್ಷ್ಯ ಬೇರೆ, ಚಿತ್ರ ಬೇರೆ. ಸಾಕ್ಷ್ಯವೆಂದರೆ ನ್ಯಾಯಸ್ಥಾನದಲ್ಲಿ ಪಾಟೀಸವಾಲಿಗೆ ನಿಲ್ಲತಕ್ಕದ್ದು. ಚಿತ್ರವೆಂದರೆ ಕಣ್ಣಿಗೆ ಹಿತವಾಗಿ ಕಾಣತಕ್ಕದ್ದು. ಇವೆರಡನ್ನೂ ಒಂದೇ ಸಮಾಸದಲ್ಲಿ ಕಟ್ಟಿಹಾಕಿದ್ದೇವೆ. ಈ ಪ್ರಕಾರಕ್ಕೆ ಹೆಸರು ತಂದುಕೊಟ್ಟ ಜಾನ್ ಗ್ರಿಯರ್ಸನ್ ಎಂಬ ಸ್ಕಾಟ್ಲೆಂಡಿನ ವಿದ್ವಾಂಸನೂ ಇದು ವಾಸ್ತವವನ್ನು ಸೃಜನಶೀಲವಾಗಿ ನಿರ್ವಹಿಸುವ ಕಲೆಯೆಂದೇ ಭಾವಿಸಿದ್ದನು. ಹಾಗಾದರೆ ಒಂದು ಊರಿನ ಚರಿತ್ರೆಯನ್ನು ತೆರೆಯ ಮೇಲೆ ನೋಡುವ ವಿದ್ಯಾರ್ಥಿಗೆ ಯಾವುದು ವಾಸ್ತವ, ಯಾವುದು ನಿರ್ವಹಣೆ ಎಂದು ತಿಳಿಯುವುದು ಹೇಗೆ? ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಯನ್ನು ನಮ್ಮ ಬನವಾಸಿಯನ್ನೇ ಉದಾಹರಣೆಯಾಗಿಟ್ಟುಕೊಂಡು ವಿಚಾರಿಸಲು ಯತ್ನಿಸಿದ್ದೇನೆ.

ಈ ವಿಚಾರ ನನ್ನಲ್ಲಿ ಮೂಡಿದ್ದಕ್ಕೆ ಕಾರಣ ದೂರದ ಇನ್ನೊಂದು ನಗರ. ಕಳೆದ ದೀರ್ಘಾವಧಿ ರಜೆಯಲ್ಲಿ ರಿಕ್ ಬರ್ನ್ಸ್ ಎಂಬಾತನು ನಿರ್ಮಿಸಿದ, ನ್ಯೂಯಾರ್ಕ್ ನಗರದ ಚರಿತ್ರೆಯನ್ನು ಹೇಳುವ ಸಾಕ್ಷ್ಯಚಿತ್ರ ಮಾಲಿಕೆಯನ್ನು ನೋಡಿದೆ. ಅದು ೧೯೯೯ ರಿಂದ ೨೦೦೩ ರವರೆಗೆ ಎಂಟು ಕಂತುಗಳಲ್ಲಿ ಅಮೆರಿಕದ ದೂರದರ್ಶನದಲ್ಲಿ ಪ್ರಸಾರವಾದುದು. ಅದರ ಬೆನ್ನಲ್ಲೇ ಬನವಾಸಿಯನ್ನು ಕುರಿತು ಕನ್ನಡದಲ್ಲಿ ದೊರೆಯುವ ಕೆಲವು ಕಿರುಚಿತ್ರಗಳನ್ನೂ ನೋಡಿದೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದು ವ್ಯತ್ಯಾಸ ಎದ್ದು ಕಂಡಿತು. ನ್ಯೂಯಾರ್ಕಿನ ಚರಿತ್ರೆ ಸುಮಾರು ನಾಲ್ಕುನೂರು ವರ್ಷದ್ದು. ಅದರ ಉತ್ತರಾರ್ಧಕ್ಕೆಲ್ಲ ಛಾಯಾಚಿತ್ರಗಳಿವೆ. ಆಮೇಲಿನದಕ್ಕೆ ಚಲನಚಿತ್ರಗಳೂ ಇವೆ. ನಮ್ಮ ಬನವಾಸಿಗೋ ಎರಡು ಸಾವಿರ ವರ್ಷಗಳ ಚರಿತ್ರೆಯುಂಟು. ಅದರ ವೈಭವದ ಕಾಲದ್ದೊಂದು ಛಾಯಾಚಿತ್ರವೂ ಇರಲಾರದು. ಇರುವುದೆಲ್ಲ ಕಲ್ಲು, ಇಟ್ಟಿಗೆ, ತಾಮ್ರಪಟ ಮತ್ತು ನದಿ. ಕಲ್ಲು ತಾನಾಗಿ ಮಾತನಾಡದು. ಆದಕಾರಣ ಚಿತ್ರ ಮಾಡುವವರು ಅದಕ್ಕೊಂದು ಕಂಠವನ್ನು ಕೊಡಬೇಕಾಗುತ್ತದೆ. ಆ ಕಂಠ ಎಲ್ಲವನ್ನೂ ಒಂದೇ ಶ್ರುತಿಯಲ್ಲಿ ಹೇಳುತ್ತದೆ. ತೊಡಕು ಇರುವುದು ಇಲ್ಲಿಯೇ.

೧. ಕಲ್ಲು ಹೇಳುವುದು, ಕಂಠ ಹೇಳುವುದು

ಮೊದಲು ಎಲ್ಲರೂ ಬಲ್ಲ ಕಥೆಯನ್ನೇ ತೆಗೆದುಕೊಳ್ಳೋಣ. ಮಯೂರಶರ್ಮನು ಗುರುವಾದ ವೀರಶರ್ಮನೊಡನೆ ಕಂಚಿಯ ಘಟಿಕೆಗೆ ವೇದಾಧ್ಯಯನಕ್ಕೆ ಹೋದನು. ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಕಲಹವಾಯಿತು. ದರ್ಭೆ ಹಿಡಿದ ಕೈಯಲ್ಲಿ ಖಡ್ಗವನ್ನು ಹಿಡಿದು, ಶ್ರೀಪರ್ವತದ ಕಾಡುಗಳನ್ನು ಸೇರಿ, ಬೃಹದ್ಬಾಣರಿಂದ ಕಪ್ಪ ಪಡೆದು, ಕೊನೆಗೆ ಪಲ್ಲವರಿಂದಲೇ ರಾಜನೆಂಬ ಮನ್ನಣೆಯನ್ನು ಗಳಿಸಿದನು. ಈ ವೃತ್ತಾಂತಕ್ಕೆ ಆಧಾರ ಶಿಕಾರಿಪುರ ತಾಲೂಕಿನ ತಾಳಗುಂದದ ಸ್ತಂಭಶಾಸನ. ಅದು ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಕಾವ್ಯ. ಕೆತ್ತಿದ್ದು ಯಾವಾಗ? ಮಯೂರಶರ್ಮನ ಕಾಲದಲ್ಲಲ್ಲ, ಅವನ ವಂಶದವನಾದ ಶಾಂತಿವರ್ಮನ ಕಾಲದಲ್ಲಿ, ಅಂದರೆ ಸುಮಾರು ನೂರು ವರ್ಷಗಳಾದ ಮೇಲೆ. ಮನೆತನದ ಹಿರಿಯನ ಸಾಹಸವನ್ನು ಮನೆತನದವರ ಆಶ್ರಯದಲ್ಲಿದ್ದ ಕವಿ ಬಣ್ಣಿಸಿದ್ದಾನೆಂದು ಇದರ ಅರ್ಥ. ಹಾಗೆಂದು ಅದು ಸುಳ್ಳೆಂದು ತಿಳಿಯಬೇಕಾಗಿಲ್ಲ. ಆದರೆ ನಮ್ಮ ಮನೆಯ ಮುತ್ತಜ್ಜನ ಕಥೆಯನ್ನು ನಮ್ಮ ಮನೆಯವರೇ ಹೇಳುವಾಗ ಕೇಳುವವರು ಎಷ್ಟು ಎಚ್ಚರದಿಂದ ಕೇಳುವರೋ, ಅಷ್ಟಾದರೂ ಎಚ್ಚರ ಇಲ್ಲಿ ಸಲ್ಲುತ್ತದೆ.

ಇನ್ನು ಕ್ರಿ.ಶ. ೩೪೫ ಎಂಬ ವರ್ಷ. ಚಿತ್ರಗಳಲ್ಲಿ ಈ ಅಂಕಿ ದೊಡ್ಡ ಅಕ್ಷರಗಳಲ್ಲಿ ಮೂಡುತ್ತದೆ. ನಾವು ಪರೀಕ್ಷೆಯಲ್ಲಿಯೂ ಅದನ್ನೇ ಬರೆಯುತ್ತೇವೆ. ಈ ವರ್ಷವನ್ನು ವಿದ್ವಾಂಸರು ಶಾಸನಗಳ ಲಿಪಿ, ಸಮಕಾಲೀನ ಅರಸರು, ತಲೆಮಾರುಗಳ ಲೆಕ್ಕ ಇವುಗಳಿಂದ ಊಹಿಸಿ ನಿರ್ಣಯಿಸಿದ್ದಾರೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಮಯೂರಶರ್ಮನದೇ ಆದ ಪ್ರಾಕೃತ ಶಾಸನವಿದೆ. ಅದರಲ್ಲಿ ಕೆರೆಯ ಮಾತು ಬರುತ್ತದೆ. ಅವನ ಹೆಸರಿನ ಸ್ವಂತ ಶಾಸನ ಕೆರೆಯನ್ನು ನೆನೆಯುತ್ತದೆಂಬುದು ನನಗೆ ಖಡ್ಗದ ಕಥೆಗಿಂತ ಕಡಿಮೆ ರೋಚಕವಾಗಿ ತೋರಲಿಲ್ಲ. ತೆರೆಯ ಮೇಲೆ ಮಾತ್ರ ಖಡ್ಗಕ್ಕಿರುವ ಅವಕಾಶ ಕೆರೆಗಿಲ್ಲ. ಇದಕ್ಕೆ ಇನ್ನೊಂದು ಕಾರಣವೂ ಉಂಟು. ದೇವುಡು ಅವರ ಕಾದಂಬರಿಯನ್ನು ಆಧರಿಸಿ ೧೯೭೫ ರಲ್ಲಿ ತೆರೆಗೆ ಬಂದ ‘ಮಯೂರ’ ಚಿತ್ರದಲ್ಲಿ ಡಾ. ರಾಜಕುಮಾರ್ ಅವರು ತಳೆದ ರೂಪವೇ ಕನ್ನಡಿಗರ ಮನಸ್ಸಿನಲ್ಲಿ ಮಯೂರನ ರೂಪವಾಗಿ ನಿಂತುಬಿಟ್ಟಿದೆ. ಆ ಚಿತ್ರ ತಾನು ಕಥೆಯೆಂದೇ ಹೇಳಿಕೊಂಡಿತು, ಅದರಲ್ಲಿ ದೋಷವಿಲ್ಲ. ಆದರೆ ಸಾಕ್ಷ್ಯಚಿತ್ರವೂ ಅದೇ ಕಿರೀಟ, ಅದೇ ಕುದುರೆ, ಅದೇ ನಿಲುವನ್ನು ಎರವಲು ತಂದಾಗ ಕಥೆ ಮೆಲ್ಲನೆ ಸಾಕ್ಷ್ಯದ ಪೀಠವನ್ನೇರಿಬಿಡುತ್ತದೆ.

ಬನವಾಸಿಗೆ ಸಮೀಪದ ಗುಡ್ನಾಪುರದಲ್ಲಿ ರವಿವರ್ಮನ ಸ್ತಂಭಶಾಸನವೊಂದಿದೆ. ಅದು ವೀರಶರ್ಮನನ್ನು ಮಯೂರನ ಅಜ್ಜನೆಂದೂ, ಬಂಧುಷೇಣನನ್ನು ಅವನ ತಂದೆಯೆಂದೂ ಹೇಳುತ್ತದೆ. ಕಾಮದೇವನ ಆಲಯದ ವಿಷಯವನ್ನೂ ತಿಳಿಸುತ್ತದೆ. ತಾಳಗುಂದ ಹೇಳದ ಮಾತನ್ನು ಗುಡ್ನಾಪುರ ಹೇಳುತ್ತದೆ. ಎರಡು ಸಾಕ್ಷಿಗಳನ್ನು ಎದುರುಬದುರು ನಿಲ್ಲಿಸಿ ಕೇಳುವ ಇಂತಹ ಸಂದರ್ಭವೇ ಚರಿತ್ರೆಯ ನಿಜವಾದ ಸ್ವಾರಸ್ಯ. ನಾನು ನೋಡಿದ ಕಿರುಚಿತ್ರಗಳಲ್ಲಿ ಈ ಸ್ವಾರಸ್ಯಕ್ಕೆ ಎರಡು ನಿಮಿಷವೂ ದೊರೆತಿರಲಿಲ್ಲ.

೨. ಮಯೂರನಿಗಿಂತ ಹಿಂದೆ

ಎರಡನೆಯ ಮಾತು, ಚಿತ್ರ ಎಲ್ಲಿಂದ ಪ್ರಾರಂಭವಾಗುತ್ತದೆ ಎಂಬುದು. ಬನವಾಸಿಯೆಂದರೆ ಕದಂಬರು ಎಂದು ಪ್ರಾರಂಭಿಸಿದರೆ ಮಯೂರನಿಗಿಂತ ಹಿಂದಿನ ಶತಮಾನಗಳು ಕತ್ತಲೆಗೆ ಸರಿಯುತ್ತವೆ. ವಸ್ತುಸ್ಥಿತಿ ಹಾಗಿಲ್ಲ. ಸಿಂಹಳದ ಮಹಾವಂಶದಲ್ಲಿ ಅಶೋಕನ ಕಾಲದಲ್ಲಿ ರಕ್ಖಿತನೆಂಬ ಬೌದ್ಧ ಭಿಕ್ಷು ವನವಾಸ ದೇಶಕ್ಕೆ ಬಂದನೆಂಬ ಮಾತಿದೆ. ಕ್ರಿ.ಶ. ಎರಡನೆಯ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿಯ ಗ್ರಂಥದಲ್ಲಿ ಬನವಾಸಿಯ ಹೆಸರು ಬರುತ್ತದೆ. ಈ ಊರಿಗೆ ವೈಜಯಂತಿ ಎಂಬ ಹೆಸರೂ ಇತ್ತು. ಪುಣೆ ಜಿಲ್ಲೆಯ ಕಾರ್ಲೆಯ ಬೌದ್ಧ ಚೈತ್ಯದಲ್ಲಿ ವೈಜಯಂತಿಯ ಭೂತಪಾಲನೆಂಬ ಶ್ರೇಷ್ಠಿಯು ಆ ಶೈಲಗೃಹವನ್ನು ಪೂರೈಸಿದನೆಂದೂ, ಅದು ಜಂಬೂದ್ವೀಪದಲ್ಲೇ ಉತ್ತಮವಾದುದೆಂದೂ ಶಾಸನವಿದೆ. ಘಟ್ಟದ ಅಂಚಿನ ಊರಿನ ವರ್ತಕನೊಬ್ಬ ನೂರಾರು ಮೈಲಿ ದೂರದಲ್ಲಿ ಇಂತಹ ದಾನ ಮಾಡಬೇಕಾದರೆ ಆ ಊರಿನಲ್ಲಿ ಎಷ್ಟು ವ್ಯಾಪಾರ ನಡೆಯುತ್ತಿದ್ದಿರಬೇಕು! ನಾಸಿಕದ ಶಾಸನದಲ್ಲಿ ಗೌತಮೀಪುತ್ರ ಶಾತಕರ್ಣಿಯು ವೈಜಯಂತಿಯ ಸೇನಾಶಿಬಿರದಿಂದ ಆಜ್ಞೆ ಹೊರಡಿಸಿದ ಉಲ್ಲೇಖವಿದೆ.

ಅಷ್ಟು ದೂರ ಹೋಗುವುದೂ ಬೇಡ. ಮಧುಕೇಶ್ವರ ದೇವಾಲಯದ ಆವರಣದಲ್ಲೇ ಐದು ಹೆಡೆಯ ನಾಗಶಿಲೆಯೊಂದಿದೆ. ಅದರ ಮೇಲಿನ ಪ್ರಾಕೃತ ಶಾಸನ ಬ್ರಾಹ್ಮಿ ಲಿಪಿಯಲ್ಲಿದೆ. ಚುಟು ವಂಶದ ಶಾತಕರ್ಣಿಯ ಕಾಲದ್ದು. ರಾಜಕುಮಾರಿ ನಾಗಶ್ರೀಯು ನಾಗ, ಕೆರೆ ಮತ್ತು ವಿಹಾರಗಳನ್ನು ದಾನ ಮಾಡಿದಳೆಂದು ಅದು ತಿಳಿಸುತ್ತದೆ. ಆ ನಾಗನನ್ನು ಕೆತ್ತಿದವನು ನಟಕನೆಂಬ ಶಿಲ್ಪಿ, ಆಚಾರ್ಯನೊಬ್ಬನ ಶಿಷ್ಯ, ಎಂದೂ ಅದೇ ಶಾಸನ ಹೇಳುತ್ತದೆ. ಇಂದಿಗೂ ಭಕ್ತರು ಆ ಕಲ್ಲಿಗೆ ಅರಿಶಿನ ಕುಂಕುಮವಿಟ್ಟು ಕೈಮುಗಿಯುತ್ತಾರೆ. ಕೈಮುಗಿಯುವವರಲ್ಲಿ ಎಷ್ಟು ಮಂದಿಗೆ ನಟಕನ ಹೆಸರು ಗೊತ್ತು? ದೊರೆಯ ಹೆಸರು, ಅವನ ಮಗಳ ಹೆಸರು ಉಳಿಯುವುದು ಸಹಜ. ಉಳಿ ಹಿಡಿದವನ ಹೆಸರೂ ಉಳಿದುಬಂದಿರುವುದು ನಮ್ಮ ಪುಣ್ಯ.

೩. ತೆರೆಯ ಮೇಲೆ ಇಲ್ಲದವರು

ಇಲ್ಲಿ ನಮ್ಮ ಮನೆಯ ಒಂದು ಮಾತನ್ನು ಹೇಳಬೇಕಾಗಿದೆ. ನಮ್ಮದು ಗದ್ದೆ ಕೆಲಸದ ಕುಟುಂಬ. ಭತ್ತ, ಸ್ವಲ್ಪ ಅನಾನಸು. ನಮ್ಮಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಒಂದು ಸಂಜೆ ಬನವಾಸಿಯ ಚಿತ್ರವೊಂದನ್ನು ಮೊಬೈಲಿನಲ್ಲಿ ಅವ್ವನಿಗೂ ತೋರಿಸಿದೆ. ದೇವಾಲಯ ಬಂದಾಗ ಆಕೆ ಕೈಮುಗಿದಳು. ತೇರು ಬಂದಾಗ ಸಂತೋಷಪಟ್ಟಳು. ಮುಗಿದ ಮೇಲೆ ಕೇಳಿದಳು: “ಎಲ್ಲ ಚೆಂದ ಐತಿ ತಮ್ಮಾ. ರಾಜರು ಉಂಡಿದ್ದು ಯಾರ ಗದ್ದಿ ಅಕ್ಕಿ? ಅವರು ಯಾರೂ ಬರಲೇ ಇಲ್ಲಲ್ಲ?”

ಮೂರು ವರ್ಷ ಚರಿತ್ರೆಯನ್ನು ಐಚ್ಛಿಕ ವಿಷಯವಾಗಿ ಓದಿದ ನನಗೆ ಈ ಪ್ರಶ್ನೆ ಬಹಳ ದಿನ ತಲೆಯಲ್ಲಿ ಉಳಿಯಿತು. ಆಗಲೇ ನ್ಯೂಯಾರ್ಕಿನ ಮಾಲಿಕೆ ಮತ್ತೆ ನೆನಪಿಗೆ ಬಂತು. ಅದರಲ್ಲಿ ಧನಿಕರ ಸೌಧಗಳಷ್ಟೇ ವಿವರವಾಗಿ ಬಡವರ ಕೊಠಡಿಗಳೂ ಬರುತ್ತವೆ. ಅದು ಸಾಧ್ಯವಾದುದು ಹೇಗೆ? ಜೇಕಬ್ ರೀಸ್ ಎಂಬ ಪತ್ರಕರ್ತ ಕತ್ತಲೆಯ ಓಣಿಗಳಿಗೆ ಕ್ಯಾಮರಾ ಒಯ್ದು, ೧೮೯೦ ರಲ್ಲಿ ಬಡವರ ಬಾಳನ್ನು ಕುರಿತು ಪುಸ್ತಕ ಪ್ರಕಟಿಸಿದ್ದನು. ೧೯೧೧ ರ ಮಾರ್ಚ್ ೨೫ ರಂದು ಟ್ರಯಾಂಗಲ್ ಎಂಬ ಉಡುಪಿನ ಕಾರ್ಖಾನೆಗೆ ಬೆಂಕಿ ಬಿದ್ದು ೧೪೬ ಮಂದಿ ಮಡಿದರು; ಅವರಲ್ಲಿ ಬಹುಮಂದಿ ವಲಸೆ ಬಂದ ಬಡ ಹೆಣ್ಣುಮಕ್ಕಳು. ಅವರ ಕಥೆಯನ್ನು ಮಾಲಿಕೆ ಹೇಳಬಲ್ಲುದಾದರೆ, ಅಂದೇ ಯಾರೋ ಬರೆದಿಟ್ಟರು, ಚಿತ್ರ ತೆಗೆದಿಟ್ಟರು ಎಂಬುದೇ ಕಾರಣ. ದಾಖಲೆ ಇಲ್ಲದವನಿಗೆ ಸಾಕ್ಷ್ಯಚಿತ್ರದಲ್ಲಿ ಸ್ಥಳವಿಲ್ಲ.

ಹಾಗಾದರೆ ಬನವಾಸಿ ಸೀಮೆಯ ಸಾಮಾನ್ಯರಿಗೆ ದಾಖಲೆ ಇಲ್ಲವೇ? ಧಾರಾಳವಾಗಿ ಇದೆ. ಅದನ್ನು ನೋಡುವ ಅಭ್ಯಾಸ ಮಾತ್ರ ಕಡಿಮೆ. ಶಿರಸಿ, ಸಿದ್ದಾಪುರ, ಸೊರಬ, ಹಾನಗಲ್ಲು ಭಾಗದ ಊರುಗಳಲ್ಲಿ ವೀರಗಲ್ಲುಗಳು ಎಷ್ಟಿಲ್ಲ! ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕುಳಿತ ವೀರ. ಇವುಗಳಲ್ಲಿ ಅನೇಕವು ತುರುಗೊಳ್ ಕಾಳಗದ ಸ್ಮಾರಕಗಳು. ಊರಿನ ದನಗಳನ್ನು ಹೊಡೆದುಕೊಂಡು ಹೋದಾಗ ಬಿಡಿಸಿತರಲು ಹೋಗಿ ಸತ್ತವರ ಕಲ್ಲುಗಳು. ಅವರು ಅರಸರಲ್ಲ, ಊರಿನವರು. ಕೆರೆಗಳ ಶಾಸನಗಳಲ್ಲಿ ಗದ್ದೆಯ ಅಳತೆ, ತೆರಿಗೆಯ ಮಾತು ಬರುತ್ತವೆ. ಅವ್ವ ಕೇಳಿದ ಅಕ್ಕಿಯ ಲೆಕ್ಕ ಅಲ್ಲಿರುತ್ತದೆ. ಬಿ. ಎಲ್. ರೈಸ್ ಅವರು ಹಳೆಯ ಮೈಸೂರಿನ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ತಾಲೂಕುವಾರು ಪ್ರಕಟಿಸಿ ನೂರು ವರ್ಷ ಮೀರಿತು. ನಮ್ಮ ನೆರೆಯ ಸೊರಬ, ಶಿಕಾರಿಪುರಗಳ ನೂರಾರು ಶಾಸನಗಳು ಅವುಗಳಲ್ಲಿವೆ. ಹಿತ್ತಲ ಗಿಡ ಮದ್ದಲ್ಲವೆಂಬಂತೆ ನಾವು ಅವುಗಳನ್ನು ಬಿಟ್ಟು ದೂರದ ಕೋಟೆ ಕೊತ್ತಲಗಳ ಚಿತ್ರ ನೋಡುತ್ತೇವೆ.

೪. ಚಿತ್ರವೇ ಸಾಕ್ಷಿಯಾಗುವ ಕಡೆ

ಇಷ್ಟು ಹೇಳಿದುದರಿಂದ ಸಾಕ್ಷ್ಯಚಿತ್ರಗಳು ನಿರುಪಯುಕ್ತವೆಂದು ವಾಚಕರು ಭಾವಿಸಬಾರದು. ಪುಸ್ತಕ ಮಾಡಲಾರದ ಒಂದು ಕೆಲಸವನ್ನು ಅವು ಮಾಡುತ್ತವೆ. ಒಂದು ನಿದರ್ಶನ ಕೊಡುತ್ತೇನೆ.

ಕ್ರಿ.ಶ. ೬೩೪ ರ ಐಹೊಳೆಯ ಶಾಸನದಲ್ಲಿ ಕವಿ ರವಿಕೀರ್ತಿಯು ಇಮ್ಮಡಿ ಪುಲಿಕೇಶಿಯ ಬನವಾಸಿ ಮುತ್ತಿಗೆಯನ್ನು ವರ್ಣಿಸಿದ್ದಾನೆ. ವರದೆಯ ಅಲೆಗಳ ಮೇಲೆ ಆಡುವ ಹಂಸಗಳ ಸಾಲೇ ಆ ನಗರಿಗೆ ಒಡ್ಯಾಣವೆಂದೂ, ಪುಲಿಕೇಶಿಯ ಸೇನಾಸಮುದ್ರ ಸುತ್ತುವರಿದಾಗ ನೆಲದ ಮೇಲಿದ್ದ ಆ ಕೋಟೆ ನೋಡುವವರಿಗೆ ಜಲದುರ್ಗವಾಗಿ ಕಂಡಿತೆಂದೂ ಅವನ ಕಲ್ಪನೆ. ತರಗತಿಯಲ್ಲಿ ಇದನ್ನು ಓದಿದಾಗ ಅಲಂಕಾರವೆಂದು ದಾಟಿಹೋಗಿದ್ದೆವು. ಆದರೆ ಚಿತ್ರವೊಂದರಲ್ಲಿ ಡ್ರೋನ್ ಕ್ಯಾಮರಾ ಮೇಲೇರಿದಾಗ ವರದಾ ನದಿ ಊರನ್ನು ಮೂರು ದಿಕ್ಕಿನಿಂದ ಬಳಸಿ ಹರಿಯುವುದು ಒಂದೇ ನೋಟಕ್ಕೆ ಕಂಡಿತು. ಆಗ ತಿಳಿಯಿತು: ಒಡ್ಯಾಣವೆಂಬ ಮಾತಿನಲ್ಲಿ ಅಲಂಕಾರವಿದ್ದಂತೆ ಭೂಗೋಳವೂ ಇದೆ. ಮೂರು ಕಡೆ ನದಿ ಕಾಯುತ್ತದೆ. ಉಳಿದ ಕಡೆಯನ್ನು ಸೇನೆ ಮುಚ್ಚಿದರೆ ಊರು ದ್ವೀಪವೇ ಸರಿ. ಈ ಜಾಗ ರಾಜಧಾನಿಗೆ ಏಕೆ ತಕ್ಕುದಾಗಿತ್ತು, ಅದನ್ನು ಗೆಲ್ಲುವುದು ಏಕೆ ಹೊಗಳಿಕೆಯ ವಿಷಯವಾಯಿತು ಎಂಬುದೆಲ್ಲ ಅರೆನಿಮಿಷದ ಆ ನೋಟದಿಂದ ವಿಶದವಾಯಿತು. ಇಲ್ಲಿ ಚಿತ್ರ ಸಾಕ್ಷ್ಯದ ಪಕ್ಕದಲ್ಲಿ ನಿಂತು ಅದಕ್ಕೆ ಬೆಳಕು ಹಿಡಿದಿದೆ.

ಇದೇ ಕ್ಯಾಮರಾ ದೇವಾಲಯದೊಳಗೆ ಹೋದಾಗ ಮಾತ್ರ ನಾವು ಜಾಗರೂಕರಾಗಿರಬೇಕು. ಗರ್ಭಗುಡಿಯಿಂದ ಕಂಬಗಳ ಮಂಟಪಕ್ಕೆ, ಅಲ್ಲಿಂದ ದೊಡ್ಡ ನಂದಿಗೆ, ಅಲ್ಲಿಂದ ಕಲ್ಲಿನ ಮಂಚಕ್ಕೆ ಕ್ಯಾಮರಾ ತಡೆಯಿಲ್ಲದೆ ಸಾಗುತ್ತದೆ. ‘ಕದಂಬರ ಮಧುಕೇಶ್ವರ’ ಎಂದು ಕಂಠ ಹೇಳುತ್ತಿರುತ್ತದೆ. ವಾಸ್ತವದಲ್ಲಿ ಆ ಹತ್ತು ಮಾರು ನಡಿಗೆಯಲ್ಲಿ ನಾವು ಸಾವಿರ ವರ್ಷಗಳನ್ನು ದಾಟಿರುತ್ತೇವೆ. ಹೊಳಪಿನ ಕಂಬಗಳ ಮಂಟಪ ಕಲ್ಯಾಣದ ಚಾಲುಕ್ಯರ ಕಾಲದ ಶೈಲಿಯದು. ಕಲ್ಲಿನ ಮಂಚ ಸೋದೆಯ ಅರಸರ ಕಾಲದ್ದು. ಒಂದೊಂದು ಕಾಲದವರು ಬಂದು ಒಂದೊಂದನ್ನು ಸೇರಿಸಿ ಹೋಗಿದ್ದಾರೆ. ಒಬ್ಬರೇ ಕಟ್ಟಿದರೆಂದರೆ ಉಳಿದವರಿಗೆ ಅನ್ಯಾಯವಾಗುತ್ತದೆ. ಮೇಲಾಗಿ, ಅರಸು ಮನೆತನಗಳು ಬದಲಾದರೂ ಊರು ಉಳಿಯಿತೆಂಬ ದೊಡ್ಡ ಸತ್ಯ ಮರೆಯಾಗುತ್ತದೆ. ಕದಂಬರ ರಾಜ್ಯ ಹೋಗಿ ಎಷ್ಟೋ ಕಾಲವಾದ ಮೇಲೆ, ಹತ್ತನೆಯ ಶತಮಾನದಲ್ಲಿ, ದೂರದ ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿದ್ದ ಪಂಪನು ಬನವಾಸಿಯನ್ನು ಹಾಡಿ ಹೊಗಳಿದನು. ಚಾಮರಸನು ತನ್ನ ಪ್ರಭುಲಿಂಗಲೀಲೆಯಲ್ಲಿ ಅಲ್ಲಮನನ್ನೂ ಮಾಯೆಯನ್ನೂ ಈ ಊರಿನಲ್ಲೇ ಎದುರುಗೊಳಿಸಿದನು. ರಾಜಧಾನಿಯ ಪಟ್ಟ ತಪ್ಪಿದರೂ ಕವಿಗಳ ಮನಸ್ಸಿನಲ್ಲಿ ಊರು ಪಟ್ಟಕ್ಕಿತ್ತು.

೫. ಚಿತ್ರಕ್ಕೂ ಒಂದು ವಯಸ್ಸುಂಟು

ಗಮನಿಸಬೇಕಾದ ಇನ್ನೊಂದು ಸಂಗತಿ ಚಿತ್ರ ತಯಾರಾದ ವರ್ಷ. ಕನ್ನಡದ ಮೊದಲ ಶಾಸನ ಯಾವುದೆಂದು ಕೇಳಿದರೆ ಹಲ್ಮಿಡಿ ಎಂದು ನಾವು ಚಿಕ್ಕಂದಿನಿಂದ ಕಲಿತಿದ್ದೇವೆ. ಬೇಲೂರು ತಾಲೂಕಿನ ಆ ಶಾಸನವನ್ನು ೧೯೩೬ ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು, ಅದು ಕ್ರಿ.ಶ. ೪೫೦ ರ ಸುಮಾರಿನದು. ಆದರೆ ೨೦೧೩-೧೪ ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ತಾಳಗುಂದದಲ್ಲಿ ನಡೆಸಿದ ಉತ್ಖನನದಲ್ಲಿ ಸಿಂಹಕಟಾಂಜನದ ಶಾಸನ ದೊರೆತು, ಅದು ಕ್ರಿ.ಶ. ೩೭೦ ರ ಸುಮಾರಿನದೆಂದು ಇಲಾಖೆ ಪ್ರಕಟಿಸಿತು. ಇದಕ್ಕೂ ಮೊದಲು ತಯಾರಾದ ಚಿತ್ರ ಹಲ್ಮಿಡಿಯನ್ನೇ ಮೊದಲೆಂದು ಇಂದಿಗೂ ಹೇಳುತ್ತಿರುತ್ತದೆ. ಪುಸ್ತಕಕ್ಕೆ ಎರಡನೆಯ ಮುದ್ರಣದಲ್ಲಿ ತಿದ್ದುಪಡಿ ಬರಬಹುದು. ಒಮ್ಮೆ ಧ್ವನಿಮುದ್ರಿಸಿದ ಕಂಠ ತನ್ನನ್ನು ತಾನು ತಿದ್ದಿಕೊಳ್ಳದು. ಆದಕಾರಣ ಚಿತ್ರದ ಕೊನೆಯಲ್ಲಿ ಹೆಸರುಗಳು ಬರುವಾಗ ಎದ್ದುಹೋಗದೆ, ವರ್ಷವನ್ನೂ ಸಲಹೆ ನೀಡಿದ ವಿದ್ವಾಂಸರ ಹೆಸರನ್ನೂ ನೋಡಿಕೊಳ್ಳುವುದು ಒಳ್ಳೆಯದು.

೬. ನಾವು ಮಾಡಬಹುದಾದುದು

ಹಾಗಾದರೆ ವಿದ್ಯಾರ್ಥಿಯಾದವನು ಇಂತಹ ಚಿತ್ರವನ್ನು ನೋಡುವ ಬಗೆ ಯಾವುದು? ನಾನು ಅನುಸರಿಸುತ್ತಿರುವ ಒಂದು ಸುಲಭೋಪಾಯವನ್ನು ಸಹಪಾಠಿಗಳ ಮುಂದಿಡುತ್ತೇನೆ. ಟಿಪ್ಪಣಿ ಪುಸ್ತಕದ ಹಾಳೆಯಲ್ಲಿ ಮೂರು ಅಂಕಣಗಳನ್ನು ಗೆರೆಹಾಕಿಕೊಳ್ಳಬೇಕು. ಮೊದಲನೆಯದರಲ್ಲಿ, ಕಣ್ಣಾರೆ ಕಂಡ ವಸ್ತು: ಶಾಸನ, ನಾಣ್ಯ, ಇಟ್ಟಿಗೆ, ನದಿ. ಎರಡನೆಯದರಲ್ಲಿ, ಕಂಠ ಹೇಳಿದ ಮಾತು. ಮೂರನೆಯದರಲ್ಲಿ, ನಟರಿಂದಲೋ ಚಿತ್ರಕಾರರಿಂದಲೋ ಕಲ್ಪಿಸಿ ತೋರಿಸಿದುದು. ಚಿತ್ರ ಮುಗಿದ ಬಳಿಕ ಎರಡನೆಯ ಅಂಕಣದ ಪ್ರತಿಯೊಂದು ಮಾತಿಗೂ ಮೊದಲನೆಯದರಲ್ಲಿ ಆಧಾರವುಂಟೇ ಎಂದು ಗೆರೆ ಎಳೆದು ಜೋಡಿಸಬೇಕು. ಗೆರೆ ಸಿಗದ ಮಾತುಗಳನ್ನು ಗ್ರಂಥಾಲಯಕ್ಕೆ ಒಯ್ಯಬೇಕು. ೧೯೮೮ ರಲ್ಲಿ ಶ್ಯಾಮ್ ಬೆನೆಗಲ್ ಅವರು ದೂರದರ್ಶನಕ್ಕಾಗಿ ನಿರ್ಮಿಸಿದ ೫೩ ಕಂತುಗಳ ‘ಭಾರತ್ ಏಕ್ ಖೋಜ್’ ಮಾಲಿಕೆಯಲ್ಲಿ ನಾಟಕದ ಭಾಗ ಯಾವುದು, ನಿರೂಪಣೆಯ ಭಾಗ ಯಾವುದು ಎಂದು ಸ್ಪಷ್ಟವಾಗಿ ಬೇರೆಯಾಗಿ ಕಾಣುತ್ತದೆ. ಈ ಅಭ್ಯಾಸವನ್ನು ಅಲ್ಲಿಂದ ಪ್ರಾರಂಭಿಸುವುದು ಸುಲಭ.

ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಕೆಲಸವಿದೆ. ನೂರು ವರ್ಷಗಳ ಬಳಿಕ ನಮ್ಮ ಸೀಮೆಯ ಚಿತ್ರ ಮಾಡುವವರಿಗೆ ನಾವು ಏನನ್ನು ಬಿಟ್ಟುಹೋಗುತ್ತೇವೆ? ನ್ಯೂಯಾರ್ಕಿನ ಬಡವರಿಗೆ ಒಬ್ಬ ರೀಸ್ ದೊರೆತನು. ನಮ್ಮ ಕೈಯಲ್ಲಿ ಇಂದು ರೀಸ್‌ನ ಉಪಕರಣಕ್ಕಿಂತ ಸಾವಿರಪಾಲು ಸುಲಭವಾದ ಯಂತ್ರವಿದೆ. ನಮ್ಮ ಕಾಲೇಜಿಗೆ ಬರುವವರು ನಾಲ್ಕಾರು ತಾಲೂಕುಗಳ ಹಳ್ಳಿಗಳವರು. ಹೆಚ್ಚಿನವರು ನನ್ನಂತೆ ಮನೆಯ ಮೊದಲ ಪದವೀಧರರು. ಒಬ್ಬೊಬ್ಬರು ತಮ್ಮ ಊರಿನ ಒಂದೊಂದು ವೀರಗಲ್ಲಿನ ಚಿತ್ರ ತೆಗೆದು, ಅದು ಇರುವ ಸ್ಥಳವನ್ನು ಗುರುತಿಸಿ, ಅದರ ಬಗ್ಗೆ ಊರಿನ ಹಿರಿಯರು ಹೇಳುವ ಮಾತನ್ನು ಬರೆದಿಟ್ಟರೆ ಒಂದೇ ವರ್ಷದಲ್ಲಿ ಒಂದು ಸಂಪುಟವಾಗುತ್ತದೆ. ಕಲ್ಲನ್ನು ಕದಲಿಸಬಾರದು, ಅಕ್ಷರ ಕಾಣಲೆಂದು ಸುಣ್ಣ ಬಳಿಯಬಾರದು, ಎಣ್ಣೆ ಸವರಬಾರದು. ಬೆಳಗಿನ ಇಲ್ಲವೇ ಸಂಜೆಯ ಓರೆಬಿಸಿಲಿನಲ್ಲಿ ಅಕ್ಷರಗಳು ತಾವಾಗಿಯೇ ಎದ್ದು ಕಾಣುತ್ತವೆ. ಇತಿಹಾಸ ಸಂಘದವರು ಇದನ್ನು ಬರುವ ವರ್ಷದ ಕಾರ್ಯಕ್ರಮವಾಗಿ ಕೈಗೊಳ್ಳಲೆಂದೂ, ಅಧ್ಯಾಪಕರು ಹಳಗನ್ನಡ ಲಿಪಿಯ ಓದಿಗೆ ವಾರಕ್ಕೊಂದು ಗಂಟೆಯಾದರೂ ಕೊಡಲೆಂದೂ ನನ್ನ ಸವಿನಯ ಪ್ರಾರ್ಥನೆ.

ಶಿರಸಿಯಿಂದ ಬನವಾಸಿಗೆ ೨೪ ಕಿಲೋಮೀಟರಿನಷ್ಟು ದಾರಿ, ಬಸ್ಸು ಧಾರಾಳವಾಗಿದೆ. ಮುಂದಿನ ಸಲ ಹೋದಾಗ ಮಧುಕೇಶ್ವರನ ದರ್ಶನವಾದ ಮೇಲೆ ಆ ನಾಗಶಿಲೆಯ ಎದುರು ಸ್ವಲ್ಪ ಹೊತ್ತು ನಿಲ್ಲಿರಿ. ದಾನ ಕೊಟ್ಟ ನಾಗಶ್ರೀಯನ್ನು ನೆನೆಯುವಾಗ ಕೆತ್ತಿದ ನಟಕನನ್ನೂ ನೆನೆಯಿರಿ. ಅವರಿಬ್ಬರಿಗೂ ಅನ್ನ ಬೆಳೆದುಕೊಟ್ಟ, ಹೆಸರು ಉಳಿಯದವರನ್ನೂ ನೆನೆಯಿರಿ. ತೆರೆಯ ಮೇಲೆ ಬಾರದವರನ್ನು ಹುಡುಕಿ ತರುವ ಹೊಣೆ ಓದು ಕಲಿತ ಅವರ ಮಕ್ಕಳಾದ ನಮ್ಮದು.